ಅಪ್ಪನ ಪದ್ಮಿನಿಗೆ ಬೇರೆ ಚಕ್ರ: ಹಳೆ ಕಾರಿಗೆ ಒರಿಜಿನಲ್ ಅಲ್ಲದ ವೀಲ್ ಆರಿಸೋದು ಹೇಗೆ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಧಾರವಾಡ. ಎಂಟೆಕ್ ಮಾಡಿದ್ದು ಮಷೀನ್ ಡಿಸೈನ್‌ನಲ್ಲಿ, ಹೊಟ್ಟೆ ತುಂಬಿಸ್ತಿರೋದು ಜಾವಾ. ನಮ್ಮಲ್ಲಿ ಬಹಳ ಜನರ ಕಥೆ ಹೀಗೇ ಇರತ್ತೆ, ಅದರಲ್ಲಿ ವಿಶೇಷ ಏನಿಲ್ಲ.

ಇವತ್ತಿನ ವಿಷಯ ಚಕ್ರ. ಹಳೆಯ ಕಾರಿಗೆ, ಅದು ಕಾರ್ಖಾನೆಯಿಂದ ಬಂದಾಗ ಇದ್ದ ಚಕ್ರ ಬಿಟ್ಟು ಬೇರೆ ಚಕ್ರ ಹಾಕೋದು. "ಇದಕ್ಕೆ ಒಂದು ಟಾಕ್ ಬೇಕಾ?" ಅಂತ ನನ್ನ ಹೆಂಡತಿ ಕೇಳಿದಳು. ಬೇಕು. ಯಾಕಂದ್ರೆ ನಾನು ಇದನ್ನ ಒಮ್ಮೆ ತಪ್ಪಾಗಿ ಮಾಡಿದೀನಿ. ಆ ತಪ್ಪು ಮಾಡಿದ ದಿನ ಕಾರಿನಲ್ಲಿ ನನ್ನ ಅಪ್ಪ, ಅಮ್ಮ ಮತ್ತು ನಾಲ್ಕು ವರ್ಷದ ಮಗಳು ಇದ್ದರು.

ಕಾರು ಯಾವುದು

ನಮ್ಮ ಮನೆಯ ಕಾರು 1986ರ ಪ್ರೀಮಿಯರ್ ಪದ್ಮಿನಿ. ನಲವತ್ತು ದಾಟಿದವರಿಗೆ ಇದರ ಪರಿಚಯ ಬೇಡ. ಚಿಕ್ಕವರಿಗಾಗಿ ಹೇಳ್ತೀನಿ. ಇದು ಮೂಲತಃ ಇಟಲಿಯ ಫಿಯಾಟ್ 1100 ಡಿ. ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಮುಂಬೈನ ಕುರ್ಲಾದಲ್ಲಿ ಇದನ್ನ ತಯಾರಿಸ್ತಿತ್ತು. 1964ರ ಹೊತ್ತಿಗೆ ಫಿಯಾಟ್ ಹೆಸರಲ್ಲೇ ಬಂತು, ಮಧ್ಯೆ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಿಂದ ಪದ್ಮಿನಿ. 1089 ಸಿಸಿ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಖಾಲಿ ತೂಕ ಸುಮಾರು 895 ಕಿಲೊ. ಮುಂಬೈನಲ್ಲಿರೋರು ಕಪ್ಪು-ಹಳದಿ ಟ್ಯಾಕ್ಸಿ ರೂಪದಲ್ಲಿ ನೋಡಿರ್ತೀರಿ. ಆ ಟ್ಯಾಕ್ಸಿಗಳ ಕೊನೆಯದೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು.

ಅಪ್ಪ ಬ್ಯಾಂಕ್ ನೌಕರಿಯಲ್ಲಿದ್ದಾಗ ತಗೊಂಡ ಕಾರು. ನಾನು ಹುಟ್ಟಿದಾಗ ಅಮ್ಮನನ್ನ ಆಸ್ಪತ್ರೆಯಿಂದ ಮನೆಗೆ ತಂದದ್ದು ಇದರಲ್ಲೇ. ಭಾನುವಾರ ಬೆಳಿಗ್ಗೆ ಹಬ್‌ಕ್ಯಾಪ್‌ಗಳನ್ನ ಬಿಚ್ಚಿ, ಬೂದಿ ಹಚ್ಚಿ ತಿಕ್ಕೋದು ನಮ್ಮ ಕೆಲಸ, ನನ್ನದು ಮತ್ತು ಅಕ್ಕನದು. ಒಬ್ಬೊಬ್ಬರಿಗೆ ಎರಡೆರಡು. ಅಪ್ಪ ಅದರಲ್ಲಿ ತಮ್ಮ ಮುಖ ಕಾಣೋವರೆಗೂ ಬಿಡ್ತಿರಲಿಲ್ಲ. ಹಂಗಾಗಿ ಚಕ್ರದ ಮಾತು ನಮ್ಮ ಮನೆಯಲ್ಲಿ ಬರೀ ಚಕ್ರದ ಮಾತಲ್ಲ.

ನಾನು ಮಾಡಿದ ತಪ್ಪು

2022ರಲ್ಲಿ ಅಪ್ಪ-ಅಮ್ಮನನ್ನ ಪುಣೆಗೆ ಕರ್ಕೊಂಡು ಬರೋದು ಅಂತ ಆಯ್ತು. ಅಪ್ಪ ಹೇಳಿದ್ದು ಒಂದೇ ಮಾತು, "ಗಾಡಿನೂ ಬರಬೇಕು." ಸರಿ, ಧಾರವಾಡಕ್ಕೆ ಹೋಗಿ ನೋಡಿದ್ರೆ ನಾಲ್ಕು ವರ್ಷ ನಿಂತಲ್ಲೇ ನಿಂತು ಎರಡು ರಿಮ್‌ಗಳ ಅಂಚು ತುಕ್ಕು ಹಿಡಿದು ಟಯರ್ ಕೂರುವ ಜಾಗವೇ ಒರಟಾಗಿತ್ತು. ನನಗೆ ರಜೆ ಇದ್ದದ್ದು ಮೂರೇ ದಿನ. ಒಂದು ಚಕ್ರದ ಅಂಗಡಿಗೆ ಹೋದೆ. ಅಂಗಡಿಯವರು ಹೊಳೆಯುವ ಅಲಾಯ್ ತೋರಿಸಿದ್ರು. ನಾಲ್ಕು ತೂತು, ಹದಿನಾಲ್ಕು ಇಂಚು. "ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಪರ್ಫೆಕ್ಟ್ ಕೂರುತ್ತೆ" ಅಂದ್ರು. ಅಡ್ಜಸ್ಟ್ ಅಂದ್ರೆ ಏನು ಗೊತ್ತಾ? ತೂತುಗಳನ್ನ ಡ್ರಿಲ್ ಹಾಕಿ ಸ್ವಲ್ಪ ಅಗಲ ಮಾಡೋದು. ನಾನು ಮಷೀನ್ ಡಿಸೈನ್ ಓದಿದೋನು, ಪಕ್ಕದಲ್ಲೇ ನಿಂತು ಫೋನ್‌ನಲ್ಲಿ ಆಫೀಸ್ ಕಾಲ್ ಅಟೆಂಡ್ ಮಾಡ್ತಿದ್ದೆ. ನೋಡಿದೆ, ಸುಮ್ಮನಿದ್ದೆ.

ಮಾರನೇ ದಿನ ಬೆಳಿಗ್ಗೆ ಹೊರಟ್ವಿ. ಬೆಳಗಾವಿ, ಕೊಲ್ಹಾಪುರ, ಸಾತಾರ. ಕೊಲ್ಹಾಪುರ ದಾಟಿದ ಮೇಲೆ ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ. ವೀಲ್ ಬ್ಯಾಲೆನ್ಸಿಂಗ್ ಸರಿ ಆಗಿಲ್ಲ ಅಂತ ಅಂದ್ಕೊಂಡೆ. ಸಾತಾರ ಆದ ಮೇಲೆ ಮುಂದಿನ ಎಡಗಡೆಯಿಂದ ಟಿಕ್, ಟಿಕ್, ಟಿಕ್ ಸದ್ದು. ವೇಗ ಹೆಚ್ಚಿದ್ರೆ ಸದ್ದೂ ಹೆಚ್ಚು. ಅಪ್ಪ ಹಿಂದಿನ ಸೀಟಿನಿಂದ "ನಿಲ್ಲಿಸು" ಅಂದ್ರು. ನಾನು "ಮುಂದೆ ಡಾಬಾ ಬರುತ್ತೆ, ಅಲ್ಲಿ ನೋಡೋಣ" ಅಂದೆ. ಅಪ್ಪ ದನಿ ಏರಿಸಿದ್ರು. ಅವರು ದನಿ ಏರಿಸೋದು ಅಪರೂಪ. ಖಂಬಾಟಕಿ ಸುರಂಗಕ್ಕೆ ಸ್ವಲ್ಪ ಮೊದಲು ಪಕ್ಕಕ್ಕೆ ನಿಲ್ಲಿಸಿದೆ.

ಚಕ್ರ ಹಿಡಿದಿಟ್ಟುಕೊಂಡಿದ್ದ ನಾಲ್ಕರಲ್ಲಿ ಮೂರು ಬೋಲ್ಟ್‌ಗಳು ಬೆರಳಲ್ಲೇ ತಿರುಗ್ತಿದ್ವು. ತೂತುಗಳು ದುಂಡಗೆ ಇರಲಿಲ್ಲ, ಮೊಟ್ಟೆ ಆಕಾರಕ್ಕೆ ಬಂದಿದ್ವು. ಈ ರಸ್ತೆ ಗೊತ್ತಿರೋರಿಗೆ ಗೊತ್ತು, ಪುಣೆ ಕಡೆಗೆ ಬರುವಾಗ ಸುರಂಗ ದಾಟಿದ ಮೇಲೆ ಇಳಿಜಾರು, ಅದರ ಮೇಲೆ ತಿರುವು. ಅಲ್ಲಿ ಚಕ್ರ ಕಳಚಿದ್ದಿದ್ರೆ ನಾನು ಇವತ್ತು ಇಲ್ಲಿ ಮಾತಾಡ್ತಿರಲಿಲ್ಲ. ಟೋ ಮಾಡುವ ಗಾಡಿ ಬರೋಕೆ ಎರಡೂವರೆ ಗಂಟೆ ಹಿಡೀತು. ಅಷ್ಟೂ ಹೊತ್ತು ಅಪ್ಪ ಮಗಳನ್ನ ಮಡಿಲಲ್ಲಿ ಕೂರಿಸ್ಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ರು. ನನಗೆ ಏನೂ ಬಯ್ಯಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

ತಪ್ಪು ಅಂಗಡಿಯವರದು ಅಂತ ಹೇಳ್ಕೊಂಡು ತಿರುಗೋದು ಸುಲಭ. ಆದ್ರೆ ಆಯ್ಕೆ ನನ್ನದು. ಆದ್ದರಿಂದ ಆಮೇಲೆ ಆರು ತಿಂಗಳು ಕೂತು ಇದನ್ನ ಸರಿಯಾಗಿ ಕಲಿತೆ. ಅದನ್ನೇ ಈಗ ಹೇಳ್ತೀನಿ. ನಾನು ಬೋಲ್ಟ್ ಅಂದಾಗಲೆಲ್ಲ, ನಿಮ್ಮ ಕಾರಿನಲ್ಲಿ ನಟ್ ಇದ್ರೆ ನಟ್ ಅಂತ ತಿಳ್ಕೊಳ್ಳಿ.

ಚಕ್ರವನ್ನ ಹಿಡಿದಿಡೋದು ಯಾವುದು?

ಬಹಳ ಜನ ಅಂದ್ಕೊಂಡಿರೋದು ಏನಂದ್ರೆ, ಚಕ್ರ ಬೋಲ್ಟ್‌ಗಳ ಮೇಲೆ ನೇತಾಡ್ತಿದೆ, ಗೋಡೆಗೆ ಮೊಳೆ ಹೊಡೆದು ಅಂಗಿ ನೇತುಹಾಕಿದ ಹಾಗೆ ಅಂತ. ಹಾಗಲ್ಲ. ಬೋಲ್ಟ್‌ನ ಕೆಲಸ ಚಕ್ರದ ಮುಖವನ್ನ ಹಬ್‌ನ ಮುಖಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯೋದು. ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಕಾರಿನ ಭಾರ, ಬ್ರೇಕ್, ತಿರುವು ಎಲ್ಲವನ್ನೂ ತಡ್ಕೊಳ್ಳೋದು. ಒತ್ತುವಿಕೆ ಕಡಿಮೆ ಆಯ್ತು ಅಂದ್ರೆ ಎರಡು ಮುಖ ಒಂದರ ಮೇಲೊಂದು ಕೂದಲೆಳೆಯಷ್ಟು ಜಾರುತ್ತೆ. ಜಾರಿದಾಗಲೆಲ್ಲ ಬೋಲ್ಟ್ ಪಕ್ಕಕ್ಕೆ ಬಾಗುತ್ತೆ, ಸ್ವಲ್ಪ ಬಿಚ್ಚಿಕೊಳ್ಳುತ್ತೆ. ಚಕ್ರ ಪ್ರತಿ ಸುತ್ತಿಗೂ ಹೀಗೆ ಮಾಡಿದ್ರೆ ಮುನ್ನೂರು ಕಿಲೋಮೀಟರ್‌ನಲ್ಲಿ ಒಂದೂವರೆ ಲಕ್ಷ ಸಲ ಆಗುತ್ತೆ.

ಇದು ಅರ್ಥ ಆದ್ರೆ ಉಳಿದದ್ದೆಲ್ಲ ಅರ್ಥ ಆಗುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಹಬ್ ಅನ್ನೋದು ಒಂದು ಇಂಟರ್‌ಫೇಸ್. ಎಪಿಐ ಹೊಂದಲಿಲ್ಲ ಅಂದ್ರೆ ಕೋಡ್ ಕಂಪೈಲ್ ಆಗಲ್ಲ. ಇಲ್ಲಿ ತೊಂದರೆ ಏನಂದ್ರೆ ಹೊಂದದಿದ್ರೂ ಕಂಪೈಲ್ ಆಗುತ್ತೆ. ಎರರ್ ಬರೋದು ಹೈವೇಯಲ್ಲಿ.

ನೋಡಬೇಕಾದ ಆರು ಅಳತೆಗಳು

ಮೊದಲನೆಯದು ಪಿಸಿಡಿ. ಬೋಲ್ಟ್ ತೂತುಗಳ ಮಧ್ಯಬಿಂದುಗಳ ಮೂಲಕ ಒಂದು ವೃತ್ತ ಎಳೆದ್ರೆ ಅದರ ವ್ಯಾಸ. ನಾಲ್ಕು ತೂತು ಇದ್ರೆ ಅಳೆಯೋದು ಸುಲಭ, ಎದುರುಬದುರಿನ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ. ಸ್ಕೇಲ್ ಬೇಡ, ವರ್ನಿಯರ್ ಬಳಸಿ. ಒಂದು ತೂತಿನ ಹೊರ ಅಂಚಿನಿಂದ ಎದುರಿನ ತೂತಿನ ಒಳ ಅಂಚಿಗೆ ಅಳೆದ್ರೆ ಅದೇ ಪಿಸಿಡಿ, ಮಧ್ಯಬಿಂದು ಹುಡುಕುವ ತಾಪತ್ರಯ ಇಲ್ಲ.

ಇಲ್ಲಿ ಒಂದು ಹಳ್ಳ ಇದೆ. ಫಿಯಾಟ್ ತನ್ನ ಉನೋ, ಪ್ಯಾಲಿಯೊದಂಥ ಕಾರುಗಳಲ್ಲಿ 4×98 ಬಳಸಿತು. ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗೋದು 4×100. ಬರೀ ಎರಡು ಮಿಲಿಮೀಟರ್, ಕಣ್ಣಿಗೆ ಕಾಣಲ್ಲ. ಕೈಯಲ್ಲಿ ಹಾಕಿದ್ರೆ ನಾಲ್ಕೂ ಬೋಲ್ಟ್ ಹತ್ತುತ್ತೆ. ಆದ್ರೆ ಪ್ರತಿ ತೂತಿನಲ್ಲೂ ಒಂದು ಮಿಲಿಮೀಟರ್ ಪಕ್ಕಕ್ಕೆ. ಬೋಲ್ಟ್‌ನ ಶಂಕು ತನ್ನ ಕುಳಿಯಲ್ಲಿ ಒಂದೇ ಕಡೆ ತಾಗುತ್ತೆ. ಟಾರ್ಕ್ ರೆಂಚ್ "ಕ್ಲಿಕ್" ಅನ್ನುತ್ತೆ, ನಾವು ಗಟ್ಟಿಯಾಯ್ತು ಅಂದ್ಕೊಳ್ತೀವಿ. ಆ ಬಲದ ಬಹುಪಾಲು ಬೋಲ್ಟ್ ಬಗ್ಗಿಸೋಕೆ ಹೋಗಿರುತ್ತೆ, ಒತ್ತೋಕೆ ಅಲ್ಲ. ನನ್ನ ಕಾರಿನ ಅಳತೆ ಎಷ್ಟು ಅಂತ ನಾನು ಬೇಕಂತಲೇ ಹೇಳ್ತಿಲ್ಲ. ನಲವತ್ತು ವರ್ಷದ ಕಾರಿನಲ್ಲಿ ಹಬ್ ಯಾವಾಗ ಯಾರು ಬದಲಿಸಿದ್ರೋ ಗೊತ್ತಿರಲ್ಲ. ನಿಮ್ಮದನ್ನ ನೀವೇ ಅಳೀರಿ.

ಎರಡನೆಯದು ಬೋಲ್ಟ್ ಕೂರುವ ಕುಳಿಯ ಆಕಾರ. ಮಾರುತಿ, ಟೊಯೊಟಾದಂಥ ಕಾರುಗಳ ಉಕ್ಕಿನ ಚಕ್ರದಲ್ಲಿ ಅದು ಶಂಕು. ಹೋಂಡಾ, ಮರ್ಸಿಡಿಸ್, ಫೋಕ್ಸ್‌ವ್ಯಾಗನ್‌ನಲ್ಲಿ ದುಂಡು, ಗೋಲಿಯ ಹಾಗೆ. ಶಂಕುವಿನ ಬೋಲ್ಟನ್ನ ದುಂಡು ಕುಳಿಗೆ ಹಾಕಿದ್ರೆ ತಾಗೋದು ಬರೀ ಒಂದು ತೆಳು ಗೆರೆ. ನನ್ನ ಅಂಗಡಿಯ ಕಥೆಯಲ್ಲಿ ಆದದ್ದೂ ಇದೇ. ಡ್ರಿಲ್ ಹಾಕಿದಾಗ ಕುಳಿಯೇ ಹಾಳಾಯ್ತು. ಆದ್ದರಿಂದ ಒಂದು ನಿಯಮ ಬರ್ಕೊಳ್ಳಿ: ತೂತು ಅಗಲ ಮಾಡಿದ ಚಕ್ರ, ತೂತು ಮುಚ್ಚಿ ಮತ್ತೆ ಕೊರೆದ ಚಕ್ರ, ಪುಕ್ಕಟೆ ಕೊಟ್ರೂ ಬೇಡ.

ಮೂರನೆಯದು ಬೋಲ್ಟ್‌ನ ಎಳೆ ಮತ್ತು ಉದ್ದ. ಅಲಾಯ್ ಚಕ್ರದ ಮುಖ ಉಕ್ಕಿನದಕ್ಕಿಂತ ದಪ್ಪ. ಹಳೆ ಬೋಲ್ಟನ್ನೇ ಹಾಕಿದ್ರೆ ಒಳಗೆ ಹಿಡಿಯೋ ಎಳೆ ಕಡಿಮೆ. ಸಾಮಾನ್ಯ ಲೆಕ್ಕ: ಬೋಲ್ಟ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಒಳಗೆ ಹಿಡಿಯಬೇಕು. 12 ಮಿ.ಮೀ. ಬೋಲ್ಟ್, ಎಳೆಗಳ ಅಂತರ 1.25 ಮಿ.ಮೀ. ಆದ್ರೆ ಸುಮಾರು ಹತ್ತು ಸುತ್ತು. 1.5 ಆದ್ರೆ ಎಂಟು ಸುತ್ತು. ಕೈಯಲ್ಲಿ ತಿರುಗಿಸ್ತಾ ಎಣಿಸಿ. ಐದು ಸುತ್ತಿಗೇ ಗಟ್ಟಿಯಾದ್ರೆ ನಿಲ್ಲಿಸಿ. ಉದ್ದ ಜಾಸ್ತಿ ಆದ್ರೂ ಅಪಾಯ. ಡ್ರಮ್ ಬ್ರೇಕ್ ಇರೋ ಕಾರಿನಲ್ಲಿ ಉದ್ದದ ಬೋಲ್ಟ್ ಒಳಗೆ ಹೋಗಿ ಬ್ರೇಕ್ ಭಾಗಗಳಿಗೆ ತಾಗಬಹುದು.

ನಾಲ್ಕನೆಯದು ನಡುವಿನ ತೂತು, ಸೆಂಟರ್ ಬೋರ್. ಅದು ಹಬ್‌ಗಿಂತ ಚಿಕ್ಕದಾದ್ರೆ ಚಕ್ರ ಕೂರೋದೇ ಇಲ್ಲ. ದೊಡ್ಡದಾದ್ರೆ ಚಕ್ರವನ್ನ ಮಧ್ಯಕ್ಕೆ ತರುವ ಕೆಲಸ ಬೋಲ್ಟ್‌ಗಳ ಮೇಲೇ ಬೀಳುತ್ತೆ. ಆ ಜಾಗ ತುಂಬೋಕೆ ಸರಿಯಾದ ಅಳತೆಯ ಉಂಗುರ ಸಿಗುತ್ತೆ, ಹಾಕಿಸಿ. ಜೊತೆಗೆ ಹಬ್‌ನ ಮುಖದ ತುಕ್ಕು, ಬಣ್ಣ ಎಲ್ಲ ಬ್ರಷ್ ಹಾಕಿ ತೆಗೀರಿ. ದಪ್ಪ ಬಣ್ಣ ಬಳಿದ ಮುಖ ನೂರು ಕಿಲೋಮೀಟರ್ ಆದ ಮೇಲೆ ಒತ್ತಿ ತೆಳುವಾಗುತ್ತೆ, ಬೋಲ್ಟ್ ಸಡಿಲ ಆಗುತ್ತೆ.

ಐದನೆಯದು ಅಗಲ ಮತ್ತು ಆಫ್‌ಸೆಟ್. ಇಲ್ಲಿ ಎಲ್ಲರೂ ಎಡವೋದು. ಆಫ್‌ಸೆಟ್ ಅಂದ್ರೆ ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರ ಇದೆ ಅನ್ನೋ ಲೆಕ್ಕ. ಚಕ್ರದ ಮೇಲೆ ಇಟಿ ಅಂತ ಅಚ್ಚು ಇರುತ್ತೆ. ಒಂದು ಉದಾಹರಣೆ ನೋಡೋಣ. ನಾಲ್ಕೂವರೆ ಇಂಚು ಅಗಲದ ರಿಮ್ ತೆಗೆದು ಆರು ಇಂಚಿನದು ಹಾಕ್ತೀವಿ, ಆಫ್‌ಸೆಟ್ ಅದೇ. ಒಂದೂವರೆ ಇಂಚು ಹೆಚ್ಚಾಯ್ತು, ಅಂದ್ರೆ 38 ಮಿ.ಮೀ. ಒಳಗೆ 19, ಹೊರಗೆ 19. ಒಳಗೆ ಸ್ಪ್ರಿಂಗ್‌ಗೋ ಸ್ಟೀರಿಂಗ್ ಕೊಂಡಿಗೋ ತಾಗಬಾರದು ಅಂತ ಆಫ್‌ಸೆಟ್ 15 ಕಡಿಮೆ ಇರೋದನ್ನ ಆರಿಸಿದ್ರೆ ಒಳಗೆ ಬರೀ 4, ಹೊರಗೆ 34 ಮಿ.ಮೀ. ಈಗ ಚಕ್ರ ಮಡ್‌ಗಾರ್ಡ್‌ನಿಂದ ಆಚೆ ಇಣುಕುತ್ತೆ. "ಲುಕ್ ಮಸ್ತ್ ಇದೆ" ಅಂತೀವಿ.

ಆದ್ರೆ ಆ 15 ಮಿಲಿಮೀಟರ್ ಪುಕ್ಕಟೆ ಬರಲ್ಲ. ಜನ ತುಂಬಿದಾಗ ಒಂದು ಚಕ್ರದ ಮೇಲೆ 300 ಕಿಲೊ ಅಂತ ಇಟ್ಕೊಳ್ಳಿ. ಭಾರದ ಗೆರೆ 15 ಮಿ.ಮೀ. ಹೊರಗೆ ಹೋದ್ರೆ ಬೇರಿಂಗ್‌ಗಳನ್ನ ತಿರುಚುವ ಬಲ ಸುಮಾರು 44 ನ್ಯೂಟನ್ ಮೀಟರ್ ಹೆಚ್ಚಾಗುತ್ತೆ. ಅದು ಕಾರು ಸಮ ರಸ್ತೆಯಲ್ಲಿ ನಿಂತಿದ್ದಾಗ. ಹಳ್ಳಕ್ಕೆ ಬಿದ್ದಾಗ ಅದರ ಹಲವು ಪಟ್ಟು. ಪದ್ಮಿನಿಯಂಥ ಕಾರಿನಲ್ಲಿ ಮುಂದೆ ಕಿಂಗ್‌ಪಿನ್ ಇದೆ, ಪವರ್ ಸ್ಟೀರಿಂಗ್ ಇಲ್ಲ. ಅಗಲದ ಟಯರ್, ಹೊರಗೆ ಹೋದ ಚಕ್ರ, ಎರಡೂ ಸೇರಿದ್ರೆ ಪಾರ್ಕಿಂಗ್ ಮಾಡುವಾಗ ಭುಜ ಹಿಡಿಯುತ್ತೆ, ಕಿಂಗ್‌ಪಿನ್ ಬೇಗ ಸವೆಯುತ್ತೆ. ನನ್ನ ಅನುಭವದ ಮಿತಿ: ನಡುಗೆರೆ ಮೂಲದಿಂದ ಐದು ಮಿಲಿಮೀಟರ್‌ಗಿಂತ ಹೆಚ್ಚು ಆಚೆ ಹೋಗಬಾರದು, ಅಗಲ ಅರ್ಧ ಇಂಚಿಗಿಂತ ಹೆಚ್ಚಬಾರದು. ಇದು ನಿಯಮ ಅಲ್ಲ, ಭಯ ಕಲಿಸಿದ ಮಿತಿ.

ಆರನೆಯದು ಹೊರಗಿನ ವ್ಯಾಸ ಮತ್ತು ಭಾರ ಹೊರುವ ಶಕ್ತಿ. ಪದ್ಮಿನಿಯ ಮೂಲ ಟಯರ್ 5.20-14, ಕ್ರಾಸ್‌ಪ್ಲೈ. ಈಗಿನ ರೇಡಿಯಲ್‌ನಲ್ಲಿ ಅದಕ್ಕೆ ಹತ್ತಿರ ಬರೋದು 155/80 ಆರ್ 14. ಲೆಕ್ಕ ಹಾಕಿ: 14 ಇಂಚು ಅಂದ್ರೆ 355.6 ಮಿ.ಮೀ., ಪಕ್ಕದ ಎತ್ತರ 155ರ ಶೇ. 80 ಅಂದ್ರೆ 124, ಮೇಲೆ ಕೆಳಗೆ ಸೇರಿ 248. ಒಟ್ಟು 603.6. 175/70 ಆರ್ 14 ಹಾಕಿದ್ರೆ 600.6, ಬಹುತೇಕ ಅಷ್ಟೇ. ಆದ್ರೆ ಸುಲಭವಾಗಿ ಸಿಗುತ್ತೆ ಅಂತ 13 ಇಂಚಿಗೆ ಇಳಿದು 155/80 ಆರ್ 13 ಹಾಕಿದ್ರೆ 578. ಶೇ. 4ಕ್ಕಿಂತ ಹೆಚ್ಚು ಕಡಿಮೆ. ಮೀಟರ್ 60 ತೋರಿಸುವಾಗ ನಿಜವಾದ ವೇಗ 57.5, ಇಂಜಿನ್ ಅಷ್ಟೇ ಹೆಚ್ಚು ತಿರುಗುತ್ತೆ, ಕಾರಿನ ಹೊಟ್ಟೆ ಸುಮಾರು 13 ಮಿ.ಮೀ. ಕೆಳಗೆ ಬರುತ್ತೆ. ನಮ್ಮ ಸ್ಪೀಡ್ ಬ್ರೇಕರ್‌ಗಳಿಗೆ ಅದು ಸಾಕು.

ಟಯರ್ ಪಕ್ಕದಲ್ಲಿ ಲೋಡ್ ಇಂಡೆಕ್ಸ್ ಬರೆದಿರುತ್ತೆ. 75 ಅಂದ್ರೆ 387 ಕಿಲೊ, 80 ಅಂದ್ರೆ 450. ಅಲಾಯ್‌ನ ಒಳಮುಖದಲ್ಲಿ ಗರಿಷ್ಠ ಭಾರ, ಅಳತೆ, ಇಟಿ, ಜೊತೆಗೆ ಜೆಡಬ್ಲ್ಯುಎಲ್ ಎಂಬ ಜಪಾನಿನ ಗುಣಮಟ್ಟದ ಗುರುತು ಇದ್ಯಾ ನೋಡಿ. ಏನೂ ಅಚ್ಚಿಲ್ಲದ ಚಕ್ರ ಅಂದ್ರೆ ಲಾಗ್ ಇಲ್ಲದ ಸರ್ವರ್. ಏನಾದ್ರೂ ಆದ ಮೇಲೆ ಕೇಳೋಕೆ ಯಾರೂ ಇರಲ್ಲ. ಟಯರ್‌ನ ವಯಸ್ಸೂ ನೋಡಿ. ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ, 2319 ಅಂದ್ರೆ 2019ರ ಇಪ್ಪತ್ಮೂರನೇ ವಾರ. ಕ್ಲಾಸಿಕ್ ಕಾರುಗಳ ಟಯರ್ ಸವೆಯಲ್ಲ, ಮುದಿಯಾಗುತ್ತೆ.

ಇನ್ನೊಂದು ಮಾತು. ಹಳೆಯ ರಿಮ್‌ಗೆ ರೇಡಿಯಲ್ ಹಾಕಿದ್ರೆ ಟ್ಯೂಬ್ ಹಾಕಿಸಿ. ಟ್ಯೂಬ್‌ಲೆಸ್ ಟಯರ್ ಜಾರದಂತೆ ಹಿಡಿಯುವ ಉಬ್ಬು ಹಳೆ ರಿಮ್‌ಗಳಲ್ಲಿ ಇರುತ್ತೆ ಅಂತ ಖಾತ್ರಿ ಇಲ್ಲ. ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಕ್ರಾಸ್‌ಪ್ಲೈ ಖಂಡಿತ ಬೇಡ.

"ಒರಿಜಿನಲ್ ಹೋದ್ರೆ ಕ್ಲಾಸಿಕ್ ಹೋಯ್ತಲ್ಲ?"

ಈ ಪ್ರಶ್ನೆ ಕೇಳೋರು ಇದ್ದಾರೆ, ಅವರ ಮಾತಲ್ಲಿ ತೂಕ ಇದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ, 30 ವರ್ಷ ದಾಟಿದ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಕಾಪಾಡಿದ ವಾಹನವನ್ನ ಐತಿಹಾಸಿಕ ಅನ್ನುತ್ತೆ. ನಮ್ಮ ದೇಶದಲ್ಲಿ 2021ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿಗೆ 50 ವರ್ಷ ಆಗಿರಬೇಕು, ಛಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ನಮ್ಮ 1986ರ ಪದ್ಮಿನಿಗೆ ಆ ಭಾಗ್ಯ 2036ಕ್ಕೆ. ಅಲ್ಲೀವರೆಗೂ ಅದು ಕಾನೂನಿನ ಕಣ್ಣಲ್ಲಿ ಒಂದು ಹಳೆ ಕಾರು ಅಷ್ಟೇ. ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಫಿಟ್‌ನೆಸ್ ಪರೀಕ್ಷೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನೆನಪಿರಲಿ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆ ಆಗುವ ಹಾಗೆ ವಾಹನ ಬದಲಿಸೋ ಹಾಗಿಲ್ಲ. ಆದ್ದರಿಂದ ಚಕ್ರ ಬದಲಿಸುವಾಗ ಟಯರ್‌ನ ಹೊರ ವ್ಯಾಸ ಮೂಲದ ಹತ್ತಿರವೇ ಇರಲಿ, ಬಾಡಿಯಿಂದ ಆಚೆ ಚಾಚಬಾರದು, ಇನ್ಶುರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ನಾನು ಇಟ್ಕೊಂಡಿರೋ ತತ್ವ ಒಂದೇ: ರೋಲ್‌ಬ್ಯಾಕ್ ಇರಬೇಕು. ಮಡ್‌ಗಾರ್ಡ್ ಕತ್ತರಿಸೋ ಹಾಗಿಲ್ಲ, ಹಬ್ ಕೊರೆಯೋ ಹಾಗಿಲ್ಲ, ಸಸ್ಪೆನ್ಷನ್ ತಗ್ಗಿಸೋ ಹಾಗಿಲ್ಲ. ಹಳೆ ಚಕ್ರ ಮಾರೋ ಹಾಗಿಲ್ಲ. ನಾಳೆ ನನ್ನ ಮಗಳು "ತಾತನ ಕಾರು ಇದ್ದ ಹಾಗೇ ಬೇಕು" ಅಂದ್ರೆ ಒಂದು ಜ್ಯಾಕ್, ಒಂದು ಪಾನಾ, ಅರ್ಧ ಗಂಟೆ. ಅಷ್ಟರಲ್ಲಿ ಆಗಬೇಕು.

ಎಲ್ಲ ಬದಲಿ ಚಕ್ರವೂ ಅಪಚಾರ ಅಲ್ಲ. ಬ್ರಿಟನ್‌ನ ಮಿನಿ ಕಾರು ತಗೊಳ್ಳಿ. 1960ರ ದಶಕದಲ್ಲಿ ರ್‍ಯಾಲಿ ಓಡಿಸುವಾಗ ಅದಕ್ಕೆ ಮಿನಿಲೈಟ್ ಅನ್ನೋ ಮೆಗ್ನೀಸಿಯಂ ಚಕ್ರ ಹಾಕ್ತಿದ್ರು. ಅದು ಕಾರ್ಖಾನೆಯ ಮಾಮೂಲಿ ಚಕ್ರ ಅಲ್ಲ. ಆದ್ರೆ ಇವತ್ತು ಮಿನಿಗೆ ಆ ಎಂಟು ಕಡ್ಡಿಯ ಚಕ್ರ ಹಾಕಿದ್ರೆ ಯಾರೂ ಮುಖ ಗಂಟು ಹಾಕಲ್ಲ. ಕಾರಿನ ಕಾಲಕ್ಕೆ ಸೇರಿದ ಬದಲಾವಣೆ ಕಾರಿನ ಚರಿತ್ರೆಯ ಭಾಗವೇ. ಅದೇ ಮಿನಿಗೆ ಹದಿನೈದು ಇಂಚಿನ ಕಪ್ಪು ಅಲಾಯ್ ಹಾಕಿದ್ರೆ ಆಟಿಕೆ ಕಾರಿನ ಹಾಗೆ ಕಾಣುತ್ತೆ.

ಕೊನೆಗೆ ನಾನು ಏನು ಹಾಕಿದೆ?

ಮೊದಲು ಹಳೆಯ ಐದೂ ರಿಮ್ ಇಳಿಸಿ, ಬಣ್ಣ ತೆಗೆಸಿ, ಬೋಲ್ಟ್ ತೂತುಗಳ ಸುತ್ತ ಬಿರುಕು ಪರೀಕ್ಷೆ ಮಾಡಿಸಿದೆ. ಕೆಂಪು ಬಣ್ಣದ ದ್ರವ ಸಿಂಪಡಿಸಿ ಒರೆಸಿ, ಬಿಳಿ ಡೆವಲಪರ್ ಹಾಕ್ತಾರೆ, ಬಿರುಕು ಇದ್ರೆ ಕೆಂಪು ಗೆರೆ ಎದ್ದು ಬರುತ್ತೆ. ಮೂರರಲ್ಲಿ ಗೆರೆ ಬಂತು. ಉಳಿದದ್ದು ಎರಡು. ಬಿರುಕಿನ ಮೇಲೆ ವೆಲ್ಡಿಂಗ್ ಮಾಡಿಸಿ ಮತ್ತೆ ಮನೆಯವರನ್ನ ಕೂರಿಸೋ ಧೈರ್ಯ ನನಗಿಲ್ಲ.

ಪುಣೆಯ ಜುನಾ ಬಾಜಾರ್ ಅಲೆದೆ, ಮುಂಬೈನ ಕುರ್ಲಾ ಕಡೆ ಎರಡು ಶನಿವಾರ ಅಲೆದೆ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆ. ಚೆನ್ನೈನವರಿಗೆ ಪುದುಪೇಟೆ ಇದೆ, ದೆಹಲಿಯವರಿಗೆ ಮಾಯಾಪುರಿ. ಹಳೆಯ ಪದ್ಮಿನಿ ರಿಮ್ ಸಿಕ್ಕವು, ಆದ್ರೆ ಟ್ಯಾಕ್ಸಿಯಲ್ಲಿ ಇಪ್ಪತ್ತು ವರ್ಷ ಓಡಿದ ರಿಮ್ ನನ್ನದಕ್ಕಿಂತ ಒಳ್ಳೇದಿರುತ್ತೆ ಅಂತ ನಂಬೋದು ಹೇಗೆ? ನೆಲದ ಮೇಲೆ ಉರುಳಿಸಿ ನೋಡಿದ್ರೆ ಹಾವಿನ ಹಾಗೆ ಹೋಗ್ತಿದ್ವು.

ಕೊನೆಗೆ ಆರಿಸಿದ್ದು ಹೊಸ ಉಕ್ಕಿನ ಚಕ್ರ, ಐದು. ಹದಿನಾಲ್ಕು ಇಂಚು, ಮೂಲಕ್ಕಿಂತ ಅರ್ಧ ಇಂಚು ಅಗಲ, ಪಿಸಿಡಿ ನನ್ನ ಹಬ್‌ಗೆ ಸರಿಯಾಗಿ, ಕುಳಿ ಬೋಲ್ಟ್‌ಗೆ ಸರಿಯಾಗಿ, ನಡುಗೆರೆ ಮೂರು ಮಿಲಿಮೀಟರ್ ಮಾತ್ರ ವ್ಯತ್ಯಾಸ. ಹುಡುಕೋಕೆ ನಾಲ್ಕು ತಿಂಗಳು ಹಿಡೀತು. ಅಲಾಯ್‌ನ ಹೊಳಪಿಲ್ಲ. ಒರಿಜಿನಲ್ ಅಂತ ಹೇಳ್ಕೊಳ್ಳೋ ಹಾಗೂ ಇಲ್ಲ, ತಿಳಿದವರು ನೋಡಿದ ತಕ್ಷಣ ಹಿಡೀತಾರೆ. ಹಾಕುವ ಮೊದಲು ಒಂದು ಟೆಸ್ಟ್ ಮಾಡಿದೆ. ಟಯರ್ ಸಮೇತ ಒಂದೇ ಚಕ್ರವನ್ನ ನಾಲ್ಕೂ ಮೂಲೆಗೆ ಹಾಕಿ, ಸ್ಟೀರಿಂಗ್ ಕೊನೆಯಿಂದ ಕೊನೆಗೆ ತಿರುಗಿಸಿ, ನಾಲ್ಕು ಜನರನ್ನ ಕೂರಿಸಿ, ಎಲ್ಲೆಲ್ಲಿ ಬೆರಳು ತೂರುತ್ತೆ ಅಂತ ನೋಡೋದು. ಹಾಕಿದ ಮೇಲೆ ಬೋಲ್ಟ್‌ಗಳನ್ನ ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿದೆ. ಗಾಳಿ ಗನ್ ಹತ್ತಿರ ಬಿಡಲಿಲ್ಲ. ಐವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ, ನೂರಕ್ಕೆ ಇನ್ನೊಮ್ಮೆ ಮತ್ತೆ ನೋಡಿದೆ.

ಒಂದು ಸಮಸ್ಯೆ ಉಳೀತು. ಅಪ್ಪನ ಹಬ್‌ಕ್ಯಾಪ್ ಹೊಸ ಚಕ್ರಕ್ಕೆ ಕೂರಲ್ಲ. ಹಿಡಿಯುವ ಕೊಕ್ಕೆಗಳ ಜಾಗ ಬೇರೆ. ಕೊಕ್ಕೆ ವೆಲ್ಡ್ ಮಾಡಿಸೋಣ ಅಂತ ನಾನಂದೆ. ಅಪ್ಪ ಚಕ್ರ ಮುಟ್ಟಿ ನೋಡಿದ್ರು, ಬೋಲ್ಟ್‌ಗಳನ್ನ ಒಂದೊಂದಾಗಿ ಬೆರಳಲ್ಲಿ ತಿರುಗಿಸೋಕೆ ನೋಡಿದ್ರು. ಯಾವುದೂ ಅಲ್ಲಾಡಲಿಲ್ಲ. "ಕ್ಯಾಪ್ ಬೇಡ, ಬೋಲ್ಟ್ ಕಾಣ್ತಿರಲಿ" ಅಂದ್ರು. ಆ ನಾಲ್ಕು ಹಬ್‌ಕ್ಯಾಪ್ ಈಗ ನಮ್ಮ ಪುಣೆಯ ಫ್ಲ್ಯಾಟ್‌ನ ಹಾಲ್‌ನಲ್ಲಿವೆ. ಭಾನುವಾರ ಮಗಳು ತಿಕ್ಕುತ್ತಾಳೆ.

ಮತ್ತೆ ಅದೇ ರಸ್ತೆಯಲ್ಲಿ ಹೋಗೋಕೆ ನನಗೆ ಒಂದು ವರ್ಷ ಬೇಕಾಯ್ತು. ಕಳೆದ ದಸರೆಗೆ ಅಪ್ಪ-ಅಮ್ಮನ ಜೊತೆ ಅದೇ ಕಾರಿನಲ್ಲಿ ಧಾರವಾಡಕ್ಕೆ ಹೋಗಿ ಬಂದ್ವಿ. ಪ್ರತಿ ಟೀ ನಿಲುಗಡೆಯಲ್ಲೂ ಅಪ್ಪ ಇಳಿದು ಒಂದು ಸುತ್ತು ಹಾಕಿ, ಹಬ್ ಹತ್ತಿರ ಕೈ ಹಿಡಿದು ಬಿಸಿ ನೋಡ್ತಿದ್ರು. ಆ ಅಭ್ಯಾಸ ನಿಮಗೂ ಇರಲಿ. ಒಂದು ಚಕ್ರ ಉಳಿದ ಮೂರಕ್ಕಿಂತ ಬಿಸಿ ಅಂದ್ರೆ ಅಲ್ಲಿ ಏನೋ ಇದೆ. ಸದ್ದು ಬಂದ್ರೆ ಮುಂದಿನ ಡಾಬಾದವರೆಗೆ ಕಾಯಬೇಡಿ.

ಈ ವಾರಾಂತ್ಯ ಒಂದು ಕೆಲಸ ಮಾಡಿ. ಹಳೆ ಕಾರೇ ಆಗಬೇಕು ಅಂತಿಲ್ಲ, ನೀವು ದಿನಾ ಆಫೀಸ್‌ಗೆ ಓಡಿಸೋ ಕಾರಾದ್ರೂ ಸರಿ, ಅಂಗಡಿಯಲ್ಲಿ ಅಲಾಯ್ ಹಾಕಿಸಿದ್ರೆ ಒಂದು ಚಕ್ರ ಬಿಚ್ಚಿ ಒಳಮುಖ ನೋಡಿ. ಪಿಸಿಡಿ ಅಳೀರಿ, ಕುಳಿ ನೋಡಿ, ಸುತ್ತು ಎಣಿಸಿ. ಅರ್ಧ ಗಂಟೆಯ ಕೆಲಸ. ಊರಲ್ಲಿ ಅಪ್ಪನ ಹಳೆ ಗಾಡಿ ಶೆಡ್‌ನಲ್ಲಿ ನಿಂತಿದ್ರೆ, ಮುಂದಿನ ಸಲ ಹೋದಾಗ ವರ್ನಿಯರ್ ಒಂದನ್ನ ಬ್ಯಾಗ್‌ನಲ್ಲಿ ಹಾಕ್ಕೊಂಡು ಹೋಗಿ. ಮೂರು ದಿನದ ರಜೆಯಲ್ಲಿ ಅಳತೆ ಮಾತ್ರ ತಗೊಳ್ಳಿ, ಚಕ್ರ ಕೊಳ್ಳಬೇಡಿ.

ಜೋಪಾನವಾಗಿ ಓಡಿಸಿ.